282 ಶಿಖರ, ಏಳು ತಾಸಿನ ಹಗಲು

ಬೆನ್ ನೆವಿಸ್ ಸ್ಕಾಟ್ಲೆಂಡಿನಲ್ಲಷ್ಟೇ ಅಲ್ಲ, ಇಡೀ ಬ್ರಿಟನ್ನಿನಲ್ಲೇ ಅತಿ ಎತ್ತರದ ಬೆಟ್ಟ. ಎತ್ತರ 1345 ಮೀಟರ್. ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ಆರುನೂರು ಮೀಟರಿನಷ್ಟು ಮೇಲಿದೆ. ಓದಿಗೋ ಕೆಲಸಕ್ಕೋ ಗ್ಲಾಸ್ಗೋ, ಎಡಿನ್‌ಬರೊ ಕಡೆ ಬಂದ ಕನ್ನಡಿಗರು ಈ ಅಂಕಿ ನೋಡಿ, ಕುಮಾರಪರ್ವತ ಹತ್ತಿದ ಕಾಲಿಗೆ ಇದೇನು ಮಹಾ ಅಂದುಕೊಳ್ಳುವುದುಂಟು. ಆದರೆ ಇಲ್ಲಿನ ಹತ್ತುವಿಕೆ ಬಹಳ ಕಡೆ ಸಮುದ್ರಮಟ್ಟದ ಆಸುಪಾಸಿನಿಂದಲೇ ಶುರುವಾಗುತ್ತದೆ. ಅಕ್ಷಾಂಶ 57 ಡಿಗ್ರಿ ಉತ್ತರ, ಪಶ್ಚಿಮಕ್ಕೆ ತಡೆಯಿಲ್ಲದ ಅಟ್ಲಾಂಟಿಕ್. 1883ರಿಂದ 1904ರವರೆಗೆ ಬೆನ್ ನೆವಿಸ್ ನೆತ್ತಿಯ ಮೇಲೆ ಹವಾಮಾನ ವೀಕ್ಷಣಾಲಯವೊಂದು ನಡೆಯಿತು. ಅಲ್ಲಿ ದಾಖಲಾದ ವಾರ್ಷಿಕ ಸರಾಸರಿ ಮಳೆ-ಹಿಮ 4000 ಮಿ.ಮೀ.ಗೂ ಹೆಚ್ಚು, ಸರಾಸರಿ ತಾಪಮಾನ ಸೊನ್ನೆ ಡಿಗ್ರಿಯ ಅಂಚಿನಲ್ಲಿ. ಮಲೆನಾಡಿನವರಿಗೆ ಅಷ್ಟು ಮಳೆ ಹೊಸದೇನಲ್ಲ. ಅದು ನಾಲ್ಕು ತಿಂಗಳು ಹೊಯ್ದು ಹೋಗದೆ ವರ್ಷಪೂರ್ತಿ ಬರುವುದು, ಅದೂ ಕೈ ಮರಗಟ್ಟುವ ಚಳಿಯಲ್ಲಿ ಬರುವುದು ಹೊಸದು.

ಈ ಬೆಟ್ಟಗಳನ್ನು ಪಟ್ಟಿ ಹಿಡಿದು ಹತ್ತುವ ಹವ್ಯಾಸಕ್ಕೆ ನೂರಮೂವತ್ತು ವರ್ಷ ದಾಟಿದೆ. ಸರ್ ಹ್ಯೂ ಮನ್ರೋ 1891ರಲ್ಲಿ ಸ್ಕಾಟಿಷ್ ಮೌಂಟೇನಿಯರಿಂಗ್ ಕ್ಲಬ್ಬಿನ ಪತ್ರಿಕೆಯಲ್ಲಿ 3000 ಅಡಿ, ಅಂದರೆ 914.4 ಮೀಟರಿಗೆ ಮೀರಿದ ಬೆಟ್ಟಗಳ ಪಟ್ಟಿ ಪ್ರಕಟಿಸಿದರು. ಆಗ ಅದರಲ್ಲಿ 283 ಬೆಟ್ಟಗಳಿದ್ದವು, ಈಗ 282 ಇವೆ. ಅವರ ಹೆಸರಿನಿಂದಲೇ ಈ ಬೆಟ್ಟಗಳಿಗೆ ಮನ್ರೋ ಎನ್ನುತ್ತಾರೆ. ಎತ್ತರ ಮೀರಿದರೆ ಸಾಕೆಂದಲ್ಲ, ಅದು ಪಕ್ಕದ ಶಿಖರದ ಭುಜವಾಗಿರದೆ ತಾನೇ ಒಂದು ಬೆಟ್ಟವಾಗಿರಬೇಕು. ಆದರೆ ಎಷ್ಟು ಇಳಿದು ಏರಿದರೆ ಬೇರೆ ಬೆಟ್ಟ ಅನ್ನುವುದಕ್ಕೆ ಮನ್ರೋ ಅಳತೆ ಕೊಡಲಿಲ್ಲ. ಹಾಗಾಗಿ ಪಟ್ಟಿ ಆಗಾಗ ತಿದ್ದುಪಡಿಯಾಗುತ್ತಲೇ ಬಂದಿದೆ. ಫಿಶರ್‌ಫೀಲ್ಡ್ ಕಾಡುಮೇಡಿನ ಬೆನ್ ಅ ಖ್ಲೇವ್ ಎಂಬ ಬೆಟ್ಟವನ್ನು ಜಿಪಿಎಸ್ ಉಪಕರಣದಿಂದ ಅಳೆದಾಗ 913.96 ಮೀಟರ್ ಬಂತು. 44 ಸೆಂಟಿಮೀಟರ್ ಕಡಿಮೆಯಾದ ಕಾರಣಕ್ಕೆ 2012ರಲ್ಲಿ ಅದು ಪಟ್ಟಿಯಿಂದ ಹೊರಬಿತ್ತು. ಬೆಟ್ಟ ಮಾತ್ರ ಇದ್ದಲ್ಲೇ ಇದೆ, ಆ ಸುತ್ತಿನ ಉಳಿದ ಐದು ಶಿಖರ ಮುಗಿಸುವವರು ಈಗಲೂ ಅದನ್ನು ಹತ್ತಿಯೇ ಹೋಗುವುದು ವಾಡಿಕೆ. ಅದೇ ಸರಿ ಅನ್ನುವುದು ನನ್ನ ಅನಿಸಿಕೆ.

ಪಟ್ಟಿ ಹಿಡಿದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಮುಂದಿನ ಬೆಟ್ಟ ಯಾವುದು ಅಂತ ಮೊದಲೇ ನಿಶ್ಚಯಿಸಿ, ರಜೆ ಹಾಕಿ, ವಸತಿ ಕಾದಿರಿಸಿ, ಆಮೇಲೆ ಹವಾಮಾನದ ಮುಖ ನೋಡುವುದು. ಸ್ಕಾಟ್ಲೆಂಡಿನಲ್ಲಿ ಇದು ತಲೆಕೆಳಗಾದ ಕ್ರಮ. ದಿನ ನೋಡಿ ಬೆಟ್ಟ ಆರಿಸಬೇಕು. ಕೈಯಲ್ಲಿ ಸದಾ ಮೂರು ಆಯ್ಕೆ ಇರಲಿ: ಪಶ್ಚಿಮದ್ದೊಂದು, ಪೂರ್ವದ್ದೊಂದು, ಗಾಳಿ ಜೋರಿದ್ದರೆ ಹೋಗಬಹುದಾದ ತಗ್ಗಿನದೊಂದು. ನೈಋತ್ಯದ ಗಾಳಿ ಮಳೆ ಹೊತ್ತು ತಂದಾಗ ಗ್ಲೆನ್ ಕೋ ತೊಯ್ದು ತೊಪ್ಪೆಯಾಗಿರುತ್ತದೆ, ಅದೇ ದಿನ ಕೇರ್ನ್‌ಗಾರ್ಮ್ ಪೂರ್ವದ ಅಂಚಿನಲ್ಲಿ ಬಿಸಿಲು ಇರುವುದುಂಟು. ಪೂರ್ವದ ಗಾಳಿ ಬೀಸಿದರೆ ಇದು ಅದಲುಬದಲು.

ಡಿಸೆಂಬರ್ ಕೊನೆಯಲ್ಲಿ ಬೆನ್ ನೆವಿಸ್ ಬುಡದ ಊರಾದ ಫೋರ್ಟ್ ವಿಲಿಯಮ್‌ನಲ್ಲಿ ಸೂರ್ಯ ಹುಟ್ಟುವುದು ಒಂಬತ್ತರ ಹತ್ತಿರ, ಮುಳುಗುವುದು ಮೂರೂಮುಕ್ಕಾಲಕ್ಕೆ ಮೊದಲೇ. ಹಗಲೆಂದರೆ ಹೆಚ್ಚುಕಡಿಮೆ ಏಳು ತಾಸು. ಜೂನ್ ಕೊನೆಯಲ್ಲಿ ಅದೇ ಹಗಲು ಹದಿನೇಳೂವರೆ ತಾಸಿಗೂ ಹೆಚ್ಚು. ಒಂದೇ ಬೆಟ್ಟ ಈ ಎರಡು ತಿಂಗಳಲ್ಲಿ ಎರಡು ಬೇರೆ ಬೆಟ್ಟಗಳು.

ಎಷ್ಟು ಹೊತ್ತು ಹಿಡಿಯುತ್ತದೆಂದು ಲೆಕ್ಕ ಹಾಕಲು 1892ರಲ್ಲಿ ವಿಲಿಯಂ ನೇಸ್ಮಿತ್ ಹೇಳಿದ ಸೂತ್ರ ಇಂದಿಗೂ ಸಾಕು: ಮೂರು ಮೈಲಿಗೆ ಒಂದು ತಾಸು, ಮೇಲೆ 2000 ಅಡಿ ಏರಿಗೆ ಇನ್ನೊಂದು ತಾಸು. ಇವತ್ತಿನ ಅಳತೆಯಲ್ಲಿ 5 ಕಿಲೋಮೀಟರಿಗೆ ಒಂದು ತಾಸು, 600 ಮೀಟರ್ ಏರಿಗೆ ಒಂದು ತಾಸು. ದಕ್ಷಿಣದ ಕೊನೆಯ ಮನ್ರೋ ಬೆನ್ ಲೋಮಂಡ್‌ಗೆ ರೋವರ್‌ಡೆನನ್‌ನಿಂದ ಹೋಗಿಬರಲು ಸುಮಾರು 12 ಕಿಲೋಮೀಟರ್, ಏರು ಸುಮಾರು 960 ಮೀಟರ್. ದೂರಕ್ಕೆ 2 ತಾಸು 24 ನಿಮಿಷ, ಏರಿಗೆ 1 ತಾಸು 36 ನಿಮಿಷ, ಒಟ್ಟು ನಾಲ್ಕು ತಾಸು. ಇದರಲ್ಲಿ ಊಟವಿಲ್ಲ, ಮ್ಯಾಪ್ ನೋಡುವುದಿಲ್ಲ, ಬೂಟಿನ ದಾರ ಕಟ್ಟುವುದೂ ಇಲ್ಲ. ಬೇಸಿಗೆಯಲ್ಲಿ ಐದು ತಾಸು ಹಿಡಿಯಿರಿ. ಮೃದು ಹಿಮವಿದ್ದರೆ ಸೂತ್ರದ ಉತ್ತರವನ್ನು ಒಂದೂವರೆಯಿಂದ ಗುಣಿಸಿ: ಆರು ತಾಸು. ಏಳು ತಾಸಿನ ಹಗಲಲ್ಲಿ ಉಳಿಯುವುದು ಒಂದೇ ತಾಸು. ಆದ್ದರಿಂದ ಡಿಸೆಂಬರಿನಲ್ಲಿ ಹೆಡ್‌ಟಾರ್ಚ್ ಬೆಳಕಿನಲ್ಲೇ ಹೊರಡಬೇಕು, ಕಣಿವೆಯ ಹಾದಿಯ ಕತ್ತಲೆ ಅಷ್ಟು ತೊಂದರೆ ಕೊಡುವುದಿಲ್ಲ. ಸಂಜೆಯ ಕತ್ತಲೆ ದಣಿದ ಕಾಲಿಗೆ, ಇಳಿಜಾರಿನಲ್ಲಿ ಎದುರಾಗುತ್ತದೆ. ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗಬೇಕು ಅನ್ನುವುದನ್ನು ಮನೆಯಲ್ಲೇ ಬರೆದಿಟ್ಟುಕೊಳ್ಳಿ. ಮೇಲೆ ನಿಂತು ಅದನ್ನು ನಿರ್ಧರಿಸಲು ಹೋದರೆ ಶಿಖರ ಗೆಲ್ಲುತ್ತದೆ.

ಮುನ್ಸೂಚನೆ ಓದುವಾಗ ಎಲ್ಲರ ಕಣ್ಣೂ ಮೊದಲು ಮಳೆಯ ಚಿತ್ರದ ಮೇಲೆ ಹೋಗುತ್ತದೆ. ಮೊದಲು ನೋಡಬೇಕಾದ್ದು ಗಾಳಿ. ಮೌಂಟನ್ ವೆದರ್ ಇನ್ಫರ್ಮೇಶನ್ ಸರ್ವೀಸ್ ಮತ್ತು ಮೆಟ್ ಆಫೀಸ್ ಎರಡೂ ಬೆಟ್ಟದ ಮೇಲ್ಭಾಗಕ್ಕೆಂದೇ ಬೇರೆ ಮುನ್ಸೂಚನೆ ಕೊಡುತ್ತವೆ. ಊರಿನ ಹವಾಮಾನ ತೋರಿಸುವ ಆ್ಯಪ್ ಇಲ್ಲಿ ಕೆಲಸಕ್ಕೆ ಬಾರದು. ಗಂಟೆಗೆ 30 ಮೈಲಿ ಅಂದರೆ ನಡೆಯುವುದು ಶ್ರಮ, 40 ಅಂದರೆ ರಿಡ್ಜ್ (ಬೆಟ್ಟದ ಏಣು) ಮೇಲೆ ತೂರಾಟ, 50 ದಾಟಿದರೆ ನಿಲ್ಲುವುದೇ ಕಷ್ಟ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ 20ರಿಂದ 40ಕ್ಕೆ ಏರುವುದು ಅಂಕಿಯಲ್ಲಿ ಕಂಡಷ್ಟು ಸಣ್ಣ ಬದಲಾವಣೆಯಲ್ಲ. ಚಳಿಯ ಲೆಕ್ಕವೂ ಹಾಗೆಯೇ. ಕಣಿವೆಯಲ್ಲಿ 5 ಡಿಗ್ರಿ ಇದ್ದರೆ ಸಾವಿರ ಮೀಟರ್ ಮೇಲೆ ಮೈನಸ್ 2ರ ಹತ್ತಿರ ಇರುತ್ತದೆ. ಅದಕ್ಕೆ ಗಂಟೆಗೆ 50 ಕಿಲೋಮೀಟರ್ ಗಾಳಿ ಸೇರಿದರೆ ಬರಿ ಚರ್ಮಕ್ಕೆ ತಾಗುವ ಚಳಿ ಮೈನಸ್ 11. ಕೈಗವಸು ಎರಡು ಜೊತೆ ಇರಲೇಬೇಕು. ಒಂದು ಜೊತೆ ಒದ್ದೆಯಾಗುತ್ತದೆ, ಇಲ್ಲವೇ ಗಾಳಿಗೆ ಹಾರಿಹೋಗುತ್ತದೆ. ಕೈ ಮರಗಟ್ಟಿದವರು ಮ್ಯಾಪ್ ಬಿಡಿಸಲಾರರು, ಜಿಪ್ ಎಳೆಯಲಾರರು, ತಿಂಡಿಯ ಪೊಟ್ಟಣವನ್ನೂ ಒಡೆಯಲಾರರು.

ಮೋಡ ಕವಿದ ಬೆಟ್ಟದಿಂದ ಇಳಿಯುವುದು ಹತ್ತುವುದಕ್ಕಿಂತ ದೊಡ್ಡ ವಿದ್ಯೆ, ಅದನ್ನು ಬೆನ್ ನೆವಿಸ್ ಚೆನ್ನಾಗಿ ಕಲಿಸುತ್ತದೆ. ನೆತ್ತಿ ಅಗಲವಾದ ಕಲ್ಲುಹಾಸು. ಉತ್ತರಕ್ಕೆ ನೂರಾರು ಮೀಟರ್ ಪ್ರಪಾತ, ಅದರಿಂದ ಗಾರ್ಡಿಲೂ ಗಲ್ಲಿ ಎಂಬ ಕೊರಕಲು ಒಳಕ್ಕೆ ಚಾಚಿ ಬಂದಿದೆ. ನೈಋತ್ಯದಲ್ಲಿ ಫೈವ್ ಫಿಂಗರ್ ಗಲ್ಲಿ. ಈ ಎರಡರ ನಡುವಿನ ಪಟ್ಟಿಯಲ್ಲೇ ಇಳಿಯಬೇಕು. ಹಿಮ ಬಿದ್ದು, ಮೋಡ ಕವಿದು, ನೆಲ ಆಕಾಶ ಎರಡೂ ಬಿಳಿಯಾದಾಗ ದಾರಿ ತೋರುವುದು ಎರಡು ಸಂಖ್ಯೆಗಳು: ಶಿಖರದ ಸರ್ವೆ ಕಂಬದಿಂದ ಗ್ರಿಡ್ (ಅಂದರೆ ಮ್ಯಾಪಿನ ಉತ್ತರದಿಂದ ಎಣಿಸಿದ) 231 ಡಿಗ್ರಿಯಲ್ಲಿ 150 ಮೀಟರ್, ಆಮೇಲೆ ಗ್ರಿಡ್ 282 ಡಿಗ್ರಿ, ನೆತ್ತಿಯ ಬಯಲು ಮುಗಿದು ಹಾದಿ ಇಳಿಯತೊಡಗುವವರೆಗೂ. ಮೊದಲ ತುಂಡು ಗಾರ್ಡಿಲೂ ತಪ್ಪಿಸುತ್ತದೆ, ಎರಡನೆಯದು ಫೈವ್ ಫಿಂಗರ್ ತಪ್ಪಿಸುತ್ತದೆ.

ಈ 150 ಮೀಟರನ್ನು ಅಳೆಯುವುದು ಹೆಜ್ಜೆಯಿಂದ. ಎಡಗಾಲು ನೆಲ ಮುಟ್ಟಿದಾಗ ಮಾತ್ರ ಎಣಿಸಿದರೆ ಸಮನೆಲದಲ್ಲಿ ನೂರು ಮೀಟರಿಗೆ 60ರಿಂದ 70 ಬರುತ್ತದೆ, ಹಿಮದಲ್ಲಿ ಇನ್ನೂ ಹೆಚ್ಚು. ನಿಮ್ಮ ಸಂಖ್ಯೆ ಎಷ್ಟೆಂದು ಯಾವುದಾದರೂ ಪಾರ್ಕಿನಲ್ಲಿ ಅಳೆದು ತಿಳಿದುಕೊಂಡಿರಬೇಕು. ಒಬ್ಬರು ಮುಂದೆ ನಡೆಯಲಿ, ಇನ್ನೊಬ್ಬರು ಹತ್ತು ಮೀಟರ್ ಹಿಂದೆ ದಿಕ್ಸೂಚಿ ಹಿಡಿದು ಅವರ ಸಾಲು ವಾಲುತ್ತಿದೆಯೇ ನೋಡುತ್ತಿರಲಿ. ಅಡ್ಡಗಾಳಿ ಗೊತ್ತೇ ಆಗದಂತೆ ಮನುಷ್ಯನನ್ನು ಪಕ್ಕಕ್ಕೆ ಸರಿಸುತ್ತದೆ. ಮ್ಯಾಪಿನ ಉತ್ತರಕ್ಕೂ ದಿಕ್ಸೂಚಿಯ ಉತ್ತರಕ್ಕೂ ಈಗ ವ್ಯತ್ಯಾಸ ತೀರಾ ಕಡಿಮೆ, ಹಳೆಯ ಮ್ಯಾಪಿನ ಅಂಚಿನಲ್ಲಿ ಅಚ್ಚಾದ ನಾಲ್ಕೈದು ಡಿಗ್ರಿ ತಿದ್ದುಪಡಿಯನ್ನು ಇವತ್ತು ಹಾಕಿದರೆ ಸೀದಾ ತಪ್ಪು ದಾರಿ. ಇನ್ನೊಂದು ವಿಷಯ, ಫೋನನ್ನೂ ದಿಕ್ಸೂಚಿಯನ್ನೂ ಒಂದೇ ಜೇಬಿನಲ್ಲಿ ಇಡಬೇಡಿ. ಫೋನಿನೊಳಗಿನ ಅಯಸ್ಕಾಂತ ಮುಳ್ಳಿನ ಧ್ರುವವನ್ನೇ ಉಲ್ಟಾ ಮಾಡಿಬಿಡಬಹುದು. ಆಗ ಕೆಂಪು ತುದಿ ದಕ್ಷಿಣ ತೋರಿಸುತ್ತದೆ, ಮೋಡದಲ್ಲಿ ಅದನ್ನು ಪತ್ತೆಹಚ್ಚಲು ದಾರಿಯಿರುವುದಿಲ್ಲ. ಹೊರಡುವ ಮುನ್ನ ಗೊತ್ತಿರುವ ದಿಕ್ಕಿಗೆ ಹಿಡಿದು ನೋಡುವುದು ಹತ್ತು ಸೆಕೆಂಡಿನ ಕೆಲಸ.

ಹಿಮದ ಸಾಮಾನುಗಳ ಬಗ್ಗೆ ಅಂಗಡಿಯವರು ಬಹಳ ಹೇಳುತ್ತಾರೆ. ನಡೆಯುವವರಿಗೆ ಬೇಕಾದ್ದು ಇಷ್ಟು: ಗಟ್ಟಿ ಅಟ್ಟೆಯ ಬೂಟು, ಅದಕ್ಕೆ ಹೊಂದುವ ಕ್ರಾಂಪಾನ್ (ಬೂಟಿನಡಿ ಕಟ್ಟುವ ಲೋಹದ ಹಲ್ಲುಗಳ ಚೌಕಟ್ಟು), 55ರಿಂದ 65 ಸೆಂಟಿಮೀಟರಿನ ಐಸ್ ಆ್ಯಕ್ಸ್, ಹಿಮಕನ್ನಡಕ. ಬೂಟುಗಳಿಗೆ ಬಿ1, ಬಿ2, ಬಿ3 ಎಂದೂ ಕ್ರಾಂಪಾನುಗಳಿಗೆ ಸಿ1, ಸಿ2, ಸಿ3 ಎಂದೂ ದರ್ಜೆಯಿದೆ. ಬಿ1 ಬೂಟಿಗೆ ಸಿ1 ಮಾತ್ರ. ಬಾಗುವ ಬೂಟಿಗೆ ಬಿಗಿ ಕ್ರಾಂಪಾನ್ ಕಟ್ಟಿದರೆ ಅದು ಇಳಿಜಾರಿನ ನಡುವೆಯೇ ಕಳಚಿಕೊಳ್ಳುತ್ತದೆ. ಕ್ರಾಂಪಾನ್ ಹಾಕಿಕೊಳ್ಳಬೇಕಾದ್ದು ಬೇಕೆನಿಸುವ ಮೊದಲು, ಸಮತಟ್ಟಾದ ಜಾಗದಲ್ಲಿ. ಜಾರುವ ಹಿಮದ ಮೇಲೆ ಒಂಟಿ ಕಾಲಲ್ಲಿ ನಿಂತು ಪಟ್ಟಿ ಬಿಗಿಯುವ ಸ್ಥಿತಿಗೆ ಬಂದರೆ ಅದಾಗಲೇ ತಡ. ಒದ್ದೆ ಹಿಮ ಅಟ್ಟೆಯಡಿ ಮುದ್ದೆಗಟ್ಟಿದರೆ ಹಲ್ಲುಗಳು ನೆಲಕ್ಕೇ ತಾಗುವುದಿಲ್ಲ. ಅಡಿಯಲ್ಲಿ ರಬ್ಬರ್ ತಟ್ಟೆ ಇರುವಂಥದ್ದನ್ನೇ ಕೊಳ್ಳಿ, ಆದರೂ ಆಗಾಗ ಆ್ಯಕ್ಸಿನ ಹಿಡಿಯಿಂದ ಬೂಟಿಗೆ ತಟ್ಟಿ ಉದುರಿಸುತ್ತಿರಬೇಕು. ಸಡಿಲ ಪ್ಯಾಂಟಿಗೆ ಹಲ್ಲು ಸಿಕ್ಕಿಕೊಂಡು ಬೀಳುವುದು ಇನ್ನೊಂದು ಸಾಮಾನ್ಯ ಅವಘಡ, ಮೊಣಕಾಲ ಕೆಳಗೆ ಪ್ಯಾಂಟಿನ ಮೇಲೆ ಸುತ್ತುವ ಗೇಟರ್ ಕಟ್ಟಿ, ಹೆಜ್ಜೆ ಸ್ವಲ್ಪ ಅಗಲ ಇಡಿ. ಆ್ಯಕ್ಸ್ ಯಾವಾಗಲೂ ಏರುಬದಿಯ ಕೈಯಲ್ಲಿರಲಿ. ಜಾರಿದಾಗ ಅದರ ಮೇಲೆ ಎದೆಯ ಭಾರ ಹಾಕಿ ನಿಲ್ಲಿಸಿಕೊಳ್ಳುವುದನ್ನು ವಿಡಿಯೋ ನೋಡಿ ಕಲಿಯಲಾಗದು. ಕೆಳಗೆ ಬಂಡೆಯಿಲ್ಲದ, ತಾನಾಗಿ ಸಮತಟ್ಟಾಗುವ ಹಿಮದ ಇಳಿಜಾರಿನಲ್ಲಿ ಮೈಗೆ ರೂಢಿಯಾಗಬೇಕು. ಏವಿಮೋರ್ ಹತ್ತಿರದ ಗ್ಲೆನ್‌ಮೋರ್ ಲಾಡ್ಜ್‌ನಂಥ ತರಬೇತಿ ಕೇಂದ್ರಗಳಲ್ಲಿ ಇದಕ್ಕೆಂದೇ ಚಳಿಗಾಲದ ತರಗತಿಗಳಿವೆ. ಹೊಸ ಜಾಕೆಟ್ಟಿಗೆ ಹಾಕುವ ಹಣವನ್ನು ಮೊದಲು ಅಲ್ಲಿ ಹಾಕಿ.

ಚಳಿಗಾಲವಿಡೀ ಸ್ಕಾಟಿಷ್ ಅವಲಾಂಚ್ ಇನ್ಫರ್ಮೇಶನ್ ಸರ್ವೀಸ್ ಆರು ಪ್ರದೇಶಗಳಿಗೆ ಪ್ರತಿದಿನ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ: ಲೊಹಾಬರ್, ಗ್ಲೆನ್ ಕೋ, ಕ್ರೇಗ್ ಮೆಗಿ, ಉತ್ತರ ಕೇರ್ನ್‌ಗಾರ್ಮ್, ದಕ್ಷಿಣ ಕೇರ್ನ್‌ಗಾರ್ಮ್, ಟೊರಿಡನ್. ಅದರಲ್ಲಿ ಅಪಾಯದ ಮಟ್ಟವನ್ನಷ್ಟೇ ನೋಡಿ ಮುಚ್ಚಬೇಡಿ. ಯಾವ ದಿಕ್ಕಿಗೆ ಮುಖಮಾಡಿದ ಇಳಿಜಾರು, ಎಷ್ಟು ಎತ್ತರದಿಂದ ಮೇಲೆ ಅನ್ನುವುದೇ ಅದರ ಜೀವಾಳ. ಗಾಳಿ ನೈಋತ್ಯದಿಂದ ಬೀಸಿದ್ದರೆ ಹಿಮವನ್ನು ಹೊತ್ತೊಯ್ದು ಈಶಾನ್ಯದ ಇಳಿಜಾರಿನಲ್ಲಿ ಸುರಿದಿರುತ್ತದೆ, 30ರಿಂದ 45 ಡಿಗ್ರಿ ಓರೆಯಲ್ಲಿ ಆ ಹೊಸ ಪದರ ಹಳೆಯದಕ್ಕೆ ಸರಿಯಾಗಿ ಅಂಟಿಕೊಂಡಿರುವುದಿಲ್ಲ. ಹಿಮಕ್ಕೆ ಸಿಕ್ಕವರಲ್ಲಿ ಹೆಚ್ಚಿನವರು ಅದನ್ನು ತಾವೇ ಕೆಡವಿಕೊಂಡವರು, ಇಲ್ಲವೇ ಅವರ ಜೊತೆಯವರು ಕೆಡವಿದ್ದು. ಅದೇ ಗಾಳಿ ರಿಡ್ಜಿನ ಅಂಚಿನಲ್ಲಿ ಹಿಮವನ್ನು ಗಾಳಿಯಲ್ಲಿ ತೇಲುವ ಚಾಚಾಗಿ ಕಟ್ಟಿರುತ್ತದೆ. ಮೇಲಿನಿಂದ ನೋಡಿದರೆ ಅದು ನೆಲದಂತೆಯೇ ಕಾಣುತ್ತದೆ, ಮುರಿಯುವಾಗ ಅಂಚಿನಲ್ಲಲ್ಲ, ಹಲವು ಮೀಟರ್ ಹಿಂದಿನಿಂದ ಮುರಿಯುತ್ತದೆ.

ಏಪ್ರಿಲ್ ಮಧ್ಯದಿಂದ ಜೂನ್ ಮೊದಲ ವಾರದವರೆಗಿನ ದಿನಗಳು ವರ್ಷದ ಚಿನ್ನ. ಪಶ್ಚಿಮದಲ್ಲಿ ಸಾಮಾನ್ಯವಾಗಿ ಮಳೆ ಕಡಿಮೆಯಿರುವ ಕಾಲ, ಬೆಳಕು ಧಾರಾಳ, ನೊರಜು ಇನ್ನೂ ಎದ್ದಿರುವುದಿಲ್ಲ. ದೊಡ್ಡ ದಿನಗಳನ್ನೆಲ್ಲ ಇಲ್ಲಿಗೇ ಮೀಸಲಿಡಿ. ಕ್ಲೂನಿ ಇನ್ ಎಂಬ ಹೋಟೆಲಿನಿಂದ ಹೊರಟು ದಕ್ಷಿಣ ಗ್ಲೆನ್ ಶೀಲ್ ರಿಡ್ಜ್ ಮೇಲೆ ಒಂದೇ ದಿನ ಏಳು ಮನ್ರೋ ಮುಗಿಸಬಹುದು. ಗ್ಲಾಸ್ಗೋದಿಂದ ಸ್ಕೈ ದ್ವೀಪಕ್ಕೆ ಹೋಗುವ ಬಸ್ಸು ಅದೇ ರಸ್ತೆಯಲ್ಲಿ ಹಾಯುತ್ತದೆ, ಕಾರಿಲ್ಲದವರಿಗೂ ಸಾಧ್ಯ. ನೊಯ್ಡಾರ್ಟ್‌ನ ಮೂರು ಮನ್ರೋಗಳಿಗೆ ಮಾಲೇಗ್‌ನಿಂದ ದೋಣಿ ಹತ್ತಿ ಇನ್ವೆರಿಗೆ ಹೋಗಬೇಕು, ಆ ಊರಿಗೆ ಹೊರಗಿನಿಂದ ರಸ್ತೆಯಿಲ್ಲ. ಉತ್ತರಕ್ಕೆ ಮುಖಮಾಡಿದ ಕೊರಕಲುಗಳಲ್ಲಿ ಮೇ ತಿಂಗಳಲ್ಲೂ ಗಟ್ಟಿ ಹಿಮ ಉಳಿದಿರುವುದನ್ನು ಮಾತ್ರ ಮರೆಯಬೇಡಿ. ಇದು ಕುರಿ ಮರಿಹಾಕುವ ಕಾಲವೂ ಹೌದು, ಹೊಲದ ನಡುವೆ ಹಾಯದೆ ಅಂಚಿನಲ್ಲಿ ಹೋಗಿ, ನಾಯಿಯಿದ್ದರೆ ಹಗ್ಗ ಬಿಚ್ಚಬೇಡಿ.

ಸ್ಕೈ ದ್ವೀಪದ ಕೂಲಿನ್ ಸಾಲಿಗೂ ಇದೇ ಹೊತ್ತು. ದ್ವೀಪದಲ್ಲಿ ಹನ್ನೆರಡು ಮನ್ರೋಗಳಿವೆ, ಹನ್ನೊಂದು ಮುಖ್ಯ ಸಾಲಿನಲ್ಲಿ, ಬ್ಲಾ ವೆನ್ ಒಂದು ಹೊರಗೆ. ಅಲ್ಲಿನ ಗ್ಯಾಬ್ರೋ ಕಲ್ಲು ಒರಟು, ಬೂಟಿಗೆ ಚೆನ್ನಾಗಿ ಹಿಡಿತ ಕೊಡುತ್ತದೆ, ಬೆರಳ ತುದಿಯನ್ನು ಮಾತ್ರ ಸವೆಸಿಬಿಡುತ್ತದೆ. ನಡುನಡುವೆ ಬರುವ ಬಸಾಲ್ಟ್ ಒದ್ದೆಯಾದರೆ ಜಾರುಬಂಡೆ. ಕಲ್ಲಿನಲ್ಲೇ ಅಯಸ್ಕಾಂತ ಗುಣವಿರುವುದರಿಂದ ದಿಕ್ಸೂಚಿಯನ್ನು ಅಲ್ಲಿ ನಂಬುವಂತಿಲ್ಲ. 986 ಮೀಟರಿನ ಇನ್ಯಾಕ್ಸೆಸಿಬಲ್ ಪಿನಕಲ್ ಹಗ್ಗ ಬಳಸಿ ಹತ್ತಬೇಕಾದ ಏಕೈಕ ಮನ್ರೋ: ಪೂರ್ವದ ಕಡಿದಾದ ಏಣಿನ ಮೇಲೆ ಹತ್ತಿ ಪಶ್ಚಿಮಕ್ಕೆ ಹಗ್ಗದಲ್ಲಿ ಇಳಿಯುವುದು. ಹತ್ತುವಿಕೆ ತಾಂತ್ರಿಕವಾಗಿ ಸುಲಭದ್ದೇ, ಇಕ್ಕೆಲದ ಆಳ ಸುಲಭದ್ದಲ್ಲ. ಬಹುತೇಕರು ಪರವಾನಗಿ ಪಡೆದ ಗೈಡ್ ಗೊತ್ತುಮಾಡಿಕೊಳ್ಳುತ್ತಾರೆ, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಮಳೆಗೆ ಎರಡು ದಿನ ಕಳೆದುಹೋದರೂ ಒಂದು ದಿನ ಉಳಿಯುವ ಹಾಗೆ ರಜೆ ಹಾಕಿ.

ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ನೊರಜಿನ ರಾಜ್ಯ. ಮಿಡ್ಜ್ ಎನ್ನುವ ಈ ಹುಳು ಎಳ್ಳಿಗಿಂತ ಚಿಕ್ಕದು, ಸಾವಿರಗಟ್ಟಲೆ ಬಂದು ಮುತ್ತುತ್ತದೆ. ಗಂಟೆಗೆ ಏಳು ಮೈಲಿಗಿಂತ ಹೆಚ್ಚು ಗಾಳಿಯಿದ್ದರೆ ಹಾರಲಾರದು, ಕಡು ಬಿಸಿಲೂ ಅದಕ್ಕಾಗದು. ಆದ್ದರಿಂದ ಡೇರೆಯನ್ನು ಮರಗಳ ಮರೆಯಲ್ಲಲ್ಲ, ಗಾಳಿ ಆಡುವ ದಿಣ್ಣೆಯ ಮೇಲೆ ಹಾಕಬೇಕು. ತಲೆಗೆ ಹಾಕುವ ಬಲೆ ಐವತ್ತು ಗ್ರಾಮ್ ಕೂಡ ಇರುವುದಿಲ್ಲ, ಅದನ್ನು ಚೀಲದಲ್ಲೇ ಬಿಟ್ಟಿರಿ.

ನೊರಜು ಬರೀ ಕಾಟ, ಉಣುಗು ಹಾಗಲ್ಲ. ಮಂಗನ ಕಾಯಿಲೆಯನ್ನು ಕಂಡ ಮಲೆನಾಡಿನವರಿಗೆ ಉಣುಗಿನ ಭಯ ಏನೆಂದು ಹೇಳಿಕೊಡಬೇಕಿಲ್ಲ. ಇಲ್ಲಿ ಅದು ಹರಡುವುದು ಬೇರೆ ರೋಗ, ಲೈಮ್. ಎದೆಮಟ್ಟ ಬೆಳೆದ ಜರಿಗಿಡಗಳ ನಡುವೆ, ಉದ್ದ ಹುಲ್ಲಿನಲ್ಲಿ ಕಾಲಿಗೆ ಹತ್ತುತ್ತದೆ. ಸಂಜೆ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ಬೆಳಕು ಹಿಡಿದು ನೋಡಿ. ಕಚ್ಚಿದ್ದರೆ ಉಣುಗು ತೆಗೆಯುವ ಕೊಕ್ಕೆಯನ್ನು ಚರ್ಮಕ್ಕೆ ತಾಗಿಸಿ ತೂರಿಸಿ, ಹೊಟ್ಟೆಯನ್ನು ಹಿಸುಕದೆ ಬಿಡಿಸಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ, ಆಗ ಅದು ಹೊಟ್ಟೆಯೊಳಗಿನದನ್ನು ಗಾಯಕ್ಕೇ ಕಕ್ಕಬಹುದು. ತಾರೀಖು ಬರೆದಿಡಿ. ಮೂರು ದಿನದಿಂದ ಒಂದು ತಿಂಗಳೊಳಗೆ ಅಲ್ಲಿ ಹರಡುತ್ತಾ ಹೋಗುವ ಕೆಂಪು ಬಳೆ ಕಂಡರೆ, ಅಥವಾ ಕಾರಣವಿಲ್ಲದೆ ಜ್ವರ, ಮೈಕೈನೋವು ಬಂದರೆ ವೈದ್ಯರಿಗೆ ಉಣುಗಿನ ವಿಷಯ ಹೇಳಿಯೇ ತೋರಿಸಿ. ಬೇಗ ಹಿಡಿದರೆ ಆ್ಯಂಟಿಬಯಾಟಿಕ್‌ಗೆ ವಾಸಿಯಾಗುವ ಕಾಯಿಲೆ ಅದು.

ತೊರೆಗಳ ಬಗ್ಗೆ ಒಂದು ಮಾತು. ಬೆಳಿಗ್ಗೆ ಕಲ್ಲಿಂದ ಕಲ್ಲಿಗೆ ಹಾರಿ ದಾಟಿದ ನೀರು, ಮೇಲೆ ನಾಲ್ಕು ತಾಸು ಮಳೆ ಸುರಿದರೆ ಸಂಜೆಗೆ ತೊಡೆಮಟ್ಟ ಏರಿ ಬಂಡೆ ಉರುಳಿಸುತ್ತಿರುತ್ತದೆ. ಸೇತುವೆ ಎಲ್ಲಿದೆ ಎಂದು ಮ್ಯಾಪಿನಲ್ಲಿ ಹೋಗುವಾಗಲೇ ನೋಡಿಟ್ಟುಕೊಳ್ಳಿ. ಎರಡು ತಾಸು ಸುತ್ತಿ ಬರುವುದು ದಾಟುವುದಕ್ಕಿಂತ ಮೇಲು.

ಸ್ಕಾಟ್ಲೆಂಡಿನ ದೊಡ್ಡ ಸೌಭಾಗ್ಯ ಅಲ್ಲಿನ ಕಾನೂನು. 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ, ಬೆಟ್ಟ ಖಾಸಗಿಯವರದ್ದಾದರೂ ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರೂ ಅದರ ಮೇಲೆ ನಡೆಯಬಹುದು, ಡೇರೆ ಹಾಕಬಹುದು. ಲೋಕ್ ಲೋಮಂಡ್ ದಡದಂಥ ಕೆಲವು ಜಾಗಗಳಲ್ಲಿ ಮಾತ್ರ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಡೇರೆಗೆ ಅನುಮತಿ ಬೇಕು. ಆ ಹಕ್ಕಿಗೆ ತಕ್ಕ ನಡತೆ ಬೇಕಾಗುವುದು ಶರತ್ಕಾಲದಲ್ಲಿ. ಆಗಸ್ಟ್ ನಡುವಿನಿಂದ ಅಕ್ಟೋಬರ್ 20ರವರೆಗೆ ಗಂಡು ಜಿಂಕೆಯ ಬೇಟೆ ಭರದಲ್ಲಿರುತ್ತದೆ. ಅಲ್ಲಿ ಜಿಂಕೆ ತಿನ್ನುವ ತೋಳ ಇಲ್ಲ, ಸಂಖ್ಯೆ ಹತೋಟಿಯಲ್ಲಿಡದಿದ್ದರೆ ಸಸಿಗಳು ಮರವಾಗುವುದಿಲ್ಲ. ಬೇಟೆಯವರು ಗಾಳಿಯ ದಿಕ್ಕು ನೋಡಿಕೊಂಡು ಅರ್ಧ ದಿನ ತೆವಳಿ ಹತ್ತಿರ ಹೋಗಿರುತ್ತಾರೆ, ಮೇಲಿನಿಂದ ಒಬ್ಬರು ಮಾತಾಡುತ್ತ ಇಳಿದರೆ ಹಿಂಡು ಚದುರಿ ಎಲ್ಲ ವ್ಯರ್ಥ. ‘ಹೆಡಿಂಗ್ ಫಾರ್ ದ ಸ್ಕಾಟಿಷ್ ಹಿಲ್ಸ್’ ಎಂಬ ಜಾಲತಾಣ ಸೇವೆಯಲ್ಲಿ ಯಾವ ಎಸ್ಟೇಟಿನಲ್ಲಿ ಯಾವಾಗ ಬೇಟೆ, ಯಾವ ದಾರಿ ಬಳಸಿದರೆ ತೊಂದರೆಯಿಲ್ಲ ಎಂದು ನೋಡಬಹುದು. ಭಾನುವಾರ ಬೇಟೆಯಾಡುವ ರೂಢಿಯಿಲ್ಲ. ಗ್ಲೆನ್ ಕೋ, ಕಿಂಟೇಲ್‌ಗಳಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಯ ಜಾಗದಲ್ಲಿ ವರ್ಷವಿಡೀ ಅಡ್ಡಿಯಿಲ್ಲ, ಸೆಪ್ಟೆಂಬರಿನ ವಾರದ ದಿನಗಳನ್ನು ಅಲ್ಲಿಗೆ ಇಟ್ಟುಕೊಂಡರೆ ಎಲ್ಲರಿಗೂ ಒಳಿತು.

ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ತಾಸು ಹಿಂದೆ ಸರಿಯುತ್ತದೆ. ಆ ವಾರಾಂತ್ಯದಲ್ಲಿ ಕತ್ತಲೆಗೆ ಸಿಕ್ಕಿಬೀಳುವುದು ಸುಲಭ. ಹೆಡ್‌ಟಾರ್ಚಿಗೆ ಹೊಸ ಬ್ಯಾಟರಿ, ಜೊತೆಗೊಂದು ಹೆಚ್ಚಿನ ಟಾರ್ಚ್. ಕೈಗವಸು ಹಾಕಿಕೊಂಡು ಕತ್ತಲಲ್ಲಿ ಬ್ಯಾಟರಿ ಬದಲಿಸುವುದಕ್ಕಿಂತ ಇನ್ನೊಂದು ಟಾರ್ಚ್ ಹಚ್ಚುವುದು ಸುಲಭ. ಫೋನ್ ಮೈಗೆ ತಾಗಿಕೊಂಡಿರಲಿ, ಚಳಿಗೆ ಚಾರ್ಜ್ ಥಟ್ಟನೆ ಇಳಿಯುತ್ತದೆ. ತುರ್ತು ಸಂಖ್ಯೆ 999ಕ್ಕೆ ‘ರಿಜಿಸ್ಟರ್’ ಎಂದು ಇಂಗ್ಲಿಷಿನಲ್ಲಿ ಎಸ್‌ಎಂಎಸ್ ಕಳಿಸಿ ಮೊದಲೇ ನೋಂದಾಯಿಸಿಕೊಂಡರೆ, ಮಾತಾಡುವಷ್ಟು ಸಿಗ್ನಲ್ ಇಲ್ಲದ ಕಡೆಯಿಂದ ಸಂದೇಶದಲ್ಲೇ ಸಹಾಯ ಕೇಳಬಹುದು. ಕರೆ ಮಾಡುವುದಾದರೆ ಪೊಲೀಸ್ ಕೇಳಿ, ನಂತರ ಮೌಂಟನ್ ರೆಸ್ಕ್ಯೂ ಎನ್ನಿ. ಬರುವವರು ಕೆಲಸ ಬಿಟ್ಟು, ಹಾಸಿಗೆ ಬಿಟ್ಟು ಬರುವ ಸ್ವಯಂಸೇವಕರು, ಬಿಲ್ ಕೊಡುವುದಿಲ್ಲ. ಸೀಟಿಯಿದ್ದರೆ ನಿಮಿಷಕ್ಕೆ ಆರು ಬಾರಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ.

ಕಾರಿಲ್ಲದೆ ಚಳಿಗಾಲ ಕಳೆಯುವವರಿಗೆ ವೆಸ್ಟ್ ಹೈಲ್ಯಾಂಡ್ ರೈಲು ಆಸರೆ. ಬ್ರಿಜ್ ಆಫ್ ಆರ್ಕಿ ನಿಲ್ದಾಣದ ಬೆನ್ನಿಗೇ ಬೆನ್ ಡೋರನ್ (1076 ಮೀಟರ್) ಮತ್ತು ಬೆನ್ ಆನ್ ಡೋಹಿ (1004 ಮೀಟರ್) ಇವೆ. ಎರಡರ ನಡುವಿನ ಕಣಿವೆಬಾಯಿಗೆ ಹತ್ತಿದರೆ ಒಂದೊಂದು ಕಡೆಗೆ ಒಂದೊಂದು ಶಿಖರ, ಹೊತ್ತು ಸಾಲದಿದ್ದರೆ ಒಂದನ್ನು ಬಿಟ್ಟು ಇಳಿಯಬಹುದು. ಕೊರೌರ್ ನಿಲ್ದಾಣ 408 ಮೀಟರ್ ಎತ್ತರದಲ್ಲಿದೆ, ಸಾರ್ವಜನಿಕ ರಸ್ತೆಯಿಲ್ಲ. 935 ಮೀಟರಿನ ಬೆನ್ ನ ಲಾಪ್‌ಗೆ ಅಲ್ಲಿಂದ ಏರು ಐನೂರು ಮೀಟರ್ ಚಿಲ್ಲರೆ, ಚಿಕ್ಕ ಹಗಲಿಗೆ ಇದಕ್ಕಿಂತ ಹೊಂದುವ ಮನ್ರೋ ಕಡಿಮೆ. ತಪ್ಪಬಾರದ್ದು ರೈಲು ಮಾತ್ರ. ದಿನಕ್ಕೆ ಬೆರಳೆಣಿಕೆಯ ರೈಲುಗಳು, ಆದ್ದರಿಂದ ತಿರುಗುವ ಸಮಯವನ್ನು ವೇಳಾಪಟ್ಟಿಯಿಂದ ಹಿಂದಕ್ಕೆ ಎಣಿಸಿ.

ವರ್ಷಕ್ಕೆ ಇಪ್ಪತ್ತು ದಿನ, ದಿನಕ್ಕೆ ಎರಡರಂತೆ ಹತ್ತಿದರೂ ಪಟ್ಟಿ ಮುಗಿಯಲು ಏಳು ವರ್ಷ. ಮೊದಲು ಮುಗಿಸಿದವರೆಂದು ದಾಖಲಾದವರು ಪಾದ್ರಿ ಎ.ಇ. ರಾಬರ್ಟ್ಸನ್, 1901ರಲ್ಲಿ, ಅವರು ಬೆನ್ ವಿವಿಸ್ ನೆತ್ತಿ ಮುಟ್ಟಿದ್ದರೇ ಅನ್ನುವ ಚರ್ಚೆ ಇನ್ನೂ ಇದೆ. ಮನ್ರೋ ಅವರೇ ಮುಗಿಸಲಿಲ್ಲ. ಕೊನೆಗೆಂದು ಕಾರ್ನ್ ಕ್ಲಾಹ್ ವೂಲಿನ್ ಎಂಬ ಬೆಟ್ಟ ಉಳಿಸಿಕೊಂಡಿದ್ದರು, ಇನ್ಯಾಕ್ಸೆಸಿಬಲ್ ಪಿನಕಲ್ ಕೂಡ ಬಾಕಿಯಿತ್ತು, 1919ರಲ್ಲಿ ತೀರಿಕೊಂಡರು. ಕೊನೆಯ ಬೆಟ್ಟವನ್ನು ಆರಿಸುವಾಗ ಅದು ಮಕ್ಕಳೂ ವಯಸ್ಸಾದವರೂ ಜೊತೆಗೆ ಹತ್ತಬಹುದಾದದ್ದಾಗಿರಲಿ. 1083 ಮೀಟರಿನ ಶಿಹ್ಯಾಲಿಯನ್‌ಗೆ ಒಳ್ಳೆಯ ಹಾದಿಯಿದೆ, ಮೇಲಿನ ಭಾಗ ಮಾತ್ರ ಕಲ್ಲುರಾಶಿ. ಮಲ್ ದ್ವೀಪದ ಬೆನ್ ಮೋರ್ ಕೂಡ ಅನೇಕರ ಕೊನೆಯ ಬೆಟ್ಟ, ಆದರೆ ಗಾಳಿಗೆ ಫೆರಿ ರದ್ದಾಗುವುದುಂಟು, ನೆಂಟರನ್ನು ಕರೆಯುವವರು ಒಂದು ದಿನ ಹೆಚ್ಚಿಟ್ಟುಕೊಳ್ಳಿ. ಮುಗಿದ ಮೇಲೆ ಕ್ಲಬ್ಬಿನ ಪಟ್ಟಿ ನೋಡಿಕೊಳ್ಳುವವರಿಗೆ ಪತ್ರ ಬರೆದರೆ ಒಂದು ಕ್ರಮಸಂಖ್ಯೆ ಕೊಡುತ್ತಾರೆ. ಅದು ಆರು ಸಾವಿರ ದಾಟಿ ಎಷ್ಟೋ ಕಾಲವಾಯಿತು. ಮುಂದೆ 2500ರಿಂದ 3000 ಅಡಿಯೊಳಗಿನ ಕಾರ್ಬೆಟ್‌ಗಳಿವೆ, 222. ಪ್ರತಿಯೊಂದಕ್ಕೂ ಸುತ್ತ ಕನಿಷ್ಠ 500 ಅಡಿ ಇಳಿತ ಇರಲೇಬೇಕೆಂಬ ನಿಯಮವಿರುವುದರಿಂದ ಒಂದೇ ರಿಡ್ಜಿನಲ್ಲಿ ಏಳು ಸಿಗುವ ಮಾತಿಲ್ಲ, ಹೆಚ್ಚಾಗಿ ದಿನಕ್ಕೊಂದೇ.